ಕರಿಹಲಗೆ ಹೇಳದೆ ಬಿಟ್ಟದ್ದು

ಪ್ಯಾರಿಸ್ಸಿನ ಬಿಸ್ತ್ರೊ ವೈಭವದ ಭೋಜನಶಾಲೆಯಲ್ಲ. ಲೋಹದ ತಗಡು ಹೊದಿಸಿದ ಕೌಂಟರು, ಒತ್ತೊತ್ತಾಗಿ ಹಾಕಿದ ಪುಟ್ಟ ಮೇಜುಗಳು, ಆ ದಿನದ ಅಡುಗೆಯನ್ನು ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆ. ಅದರ ಆಡಂಬರವೆಲ್ಲ ಇಷ್ಟೇ. 19ನೇ ಶತಮಾನದಲ್ಲಿ ಓವೆರ್ನ್ ಸೀಮೆಯಿಂದ ವಲಸೆ ಬಂದ ಬಡವರು ಸೌದೆ, ಇದ್ದಿಲು ಮಾರುತ್ತ ಅದೇ ಅಂಗಡಿಯಲ್ಲಿ ವೈನನ್ನೂ ಕೊಡುತ್ತಿದ್ದರು. ಇಂದಿನ ಎಷ್ಟೋ ಬಿಸ್ತ್ರೊಗಳ ಪೂರ್ವಜರು ಅವರು.

ಇದನ್ನೆಲ್ಲ ಓದಿಕೊಂಡು ಹೋಗಿದ್ದ ನಾನು ಪ್ರವಾಸಿಗರು ಕಿಕ್ಕಿರಿಯುವ ಬೀದಿಯೊಂದರಲ್ಲಿ 'ಸಾಂಪ್ರದಾಯಿಕ' ಎಂದು ಬರೆದುಕೊಂಡಿದ್ದ ಕಡೆ ಕುಳಿತೆ. ಕೆಂಪು ವೈನಿನಲ್ಲಿ ಕೋಳಿಯನ್ನು ನಿಧಾನವಾಗಿ ಬೇಯಿಸುವ ಕೊಕ್ ಓ ವ್ಯಾನ್ ಹೇಳಿದೆ. ಐದೇ ನಿಮಿಷಕ್ಕೆ ಬಂತು. ರಸ ಕುದಿಯುತ್ತಿತ್ತು, ಮಾಂಸದ ಒಳಗು ತಣ್ಣಗಿತ್ತು. ಇಲ್ಲೇ ಮಾಡಿದ್ದೇ ಎಂದು ಕೇಳಿದರೆ ಮಾಣಿ ಭುಜ ಹಾರಿಸಿ ಸುಮ್ಮನಾದ.

ಬಿಸ್ತ್ರೊ ಅಡುಗೆಯ ದೊಡ್ಡ ಗುಣವೇ ಇಲ್ಲಿ ಅದಕ್ಕೆ ಮುಳುವಾಗಿದೆ. ಅಗ್ಗದ, ಗಡುಸು ಮಾಂಸವನ್ನು ಬೆಳಿಗ್ಗೆಯೇ ಒಲೆಯ ಮೇಲಿಟ್ಟು ಗಂಟೆಗಟ್ಟಲೆ ಬೇಯಿಸುವುದು ಅದರ ಕ್ರಮ. ಇಂಥ ಅಡುಗೆ ಮರುದಿನ ಬಿಸಿ ಮಾಡಿದರೆ ಇನ್ನೂ ರುಚಿ. ಹಾಗಾಗಿಯೇ ಕಾರ್ಖಾನೆಯೂ ಅದನ್ನು ಸಲೀಸಾಗಿ ಬೇಯಿಸಿ, ಗಾಳಿ ತೆಗೆದ ಚೀಲದಲ್ಲಿ ತುಂಬಿ ಕಳಿಸಬಲ್ಲದು. ಬಾಣಸಿಗನೇ ಬೇಕಿಲ್ಲ; ಕತ್ತರಿಯೊಂದಿದ್ದರೆ ಸಾಕು.

ಫ್ರಾನ್ಸ್ 2014ರಲ್ಲಿ 'ಫೇ ಮೆಜೋಂ', ಅಂದರೆ 'ಇಲ್ಲಿಯೇ ಮಾಡಿದ್ದು', ಎಂಬ ಗುರುತನ್ನು ಜಾರಿಗೆ ತಂದಿತು. ಪಾತ್ರೆಯ ಮೇಲೆ ಮನೆಯ ಸೂರು ಹೊದಿಸಿದಂಥ ಚಿಹ್ನೆ ಅದು. ಆದರೆ ಹೊರಗಿನಿಂದ ತರಿಸಿದ ತಿನಿಸನ್ನು ಹಾಗೆಂದು ನಮೂದಿಸಬೇಕೆಂದು ಆ ಕಾನೂನು ಕೇಳಲಿಲ್ಲ. ಹೊರೆಯೆಲ್ಲ ಪ್ರಾಮಾಣಿಕನ ಮೇಲೆ. ಚೀಲ ಕತ್ತರಿಸುವವನಿಗೆ ಮೌನದ ಅನುಕೂಲ. ಇದು ತಿರುಗುಮುರುಗಾಗಬೇಕು ಎಂಬುದು ನನ್ನ ವಾದ. ಪ್ಯಾರಿಸ್ಸಿನ ಬಾಡಿಗೆ, ಕೂಲಿಗಳ ಭಾರವನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿ ಮಾಡಿ ಬಡಿಸುವುದು ಅಪರಾಧವೂ ಅಲ್ಲ. ಆದರೆ ಹಾಗೆಂದು ಹೇಳಲಿ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸಲಿ. ಊಟದ ಜೊತೆಗಿನ ಬ್ರೆಡ್ಡಿಗೂ ನಲ್ಲಿನೀರಿನ ಹೂಜಿಗೂ ಹಣ ಕೇಳದ, ಸೇವೆಯ ಶುಲ್ಕವನ್ನು ಬೆಲೆಯಲ್ಲೇ ಸೇರಿಸಿ ತೋರಿಸುವ ದೇಶಕ್ಕೆ ಇಷ್ಟು ನೇರವಂತಿಕೆ ಕಷ್ಟವಾಗಬಾರದು.

ಮರುದಿನ ಒಳಬೀದಿಯ ಇನ್ನೊಂದು ಬಿಸ್ತ್ರೊಗೆ ಹೋದೆ. ಹಲಗೆಯ ಮೇಲೆ ಮೂರೇ ಅಡುಗೆಗಳಿದ್ದವು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮಾಲೀಕಳು ಬಂದು, ನಾನು ಮನಸ್ಸಿನಲ್ಲೇ ಆರಿಸಿಕೊಂಡಿದ್ದ ಮೊದಲನೆಯದನ್ನು ಅಂಗೈಯಿಂದ ಒರೆಸಿ ಹಾಕಿದಳು. ಮುಗಿಯಿತಂತೆ! ನನಗೆ ದಕ್ಕಿದ್ದು ಹಂದಿಮಾಂಸದೊಡನೆ ಬೇಯಿಸಿದ ಹಸಿರು ಮಸೂರ. ಉಪ್ಪು ಒಂದು ಚಿಟಿಕೆ ಹೆಚ್ಚಾಗಿತ್ತು. ತಟ್ಟೆಯಲ್ಲಿ ಉಳಿದ ರಸವನ್ನು ಬ್ರೆಡ್ಡಿನಿಂದ ಬಳಿದು ತಿಂದೆ.