ಗುಮಾಸ್ತನ ಮೇಜಿನಿಂದ: ಯಂತ್ರ ಬಂತು, ಕೆಲಸ ಯಾರದು?

ಮೊನ್ನೆ ನಮ್ಮ ಕಚೇರಿಯಲ್ಲಿ ಒಂದು ಸಣ್ಣ ಕುರುಕ್ಷೇತ್ರವೇ ನಡೆದುಹೋಯಿತು. ಇಲ್ಲಿಯವರೆಗೆ ಬಂದ ಕಾಗದಗಳನ್ನೆಲ್ಲ ಆವಕದ ಗುಮಾಸ್ತರು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವಕ್ಕೆ ಹೋಗುವ ಉತ್ತರಗಳನ್ನು ಟೈಪಿಸ್ಟ್ ಬಾಯಿಯವರು ಟೈಪು ಮಾಡುತ್ತಿದ್ದರು. ಈಗ ರಿಜಿಸ್ಟರು ಹೋಗಿ ಆ ಜಾಗಕ್ಕೆ ಕಂಪ್ಯೂಟರು ಬಂದಿದೆ. “ಇದು ರಿಜಿಸ್ಟರಿನ ಕೆಲಸ, ಆದ್ದರಿಂದ ನನ್ನದು” ಎಂದರು ಇವರು. “ಇದು ಟೈಪಿನ ಕೆಲಸ, ಆದ್ದರಿಂದ ನನ್ನದು” ಎಂದರು ಅವರು. ಸಾಹೇಬರು ಬೆಳಿಗ್ಗೆ ಇವರ ಮಾತು ಕೇಳಿ ಒಂದು ಆರ್ಡರು ಹೊರಡಿಸಿದರು, ಮಧ್ಯಾಹ್ನ ಅವರ ಮಾತು ಕೇಳಿ ಇನ್ನೊಂದು. ಸಂಜೆಯ ಹೊತ್ತಿಗೆ ಕಾಗದಗಳು ಎರಡು ಮೇಜುಗಳ ನಡುವೆ ಅನಾಥವಾಗಿ ಬಿದ್ದಿದ್ದವು.

ಸರಕಾರಿ ಕಚೇರಿಯಲ್ಲಿ ಕೆಲಸ ಬೇಕೆಂದು ಜಗಳವೇ ಎಂದು ನಗಬೇಡಿ. ಕೆಲಸ ಕೈತಪ್ಪಿದರೆ ನಾಳೆ ಹುದ್ದೆಯೇ ತಪ್ಪೀತು ಎಂಬ ಭಯ ಇಬ್ಬರಿಗೂ ಇತ್ತು. ಲೋಕಲ್ ಗಾಡಿಯಲ್ಲಿ ಮನೆಗೆ ಬರುತ್ತಾ ನನಗೆ ಅಮೆರಿಕದ ರೈಲ್ವೆಯ ಒಂದು ಹಳೆಯ ಮೊಕದ್ದಮೆ ನೆನಪಾಯಿತು. ಅದೂ ಹೀಗೆಯೇ: ಒಂದು ಕಡೆ ತಂತಿಯವರು, ಇನ್ನೊಂದು ಕಡೆ ನನ್ನಂಥ ಗುಮಾಸ್ತರು, ನಡುವೆ ಒಂದು ಯಂತ್ರ.

ರೈಲ್ವೆಯ ತಂತಿಯವರೆಂದರೆ ಸಾಮಾನ್ಯರಲ್ಲ. ಕಟ್ಟು-ಕಡ ಸದ್ದಿನ ಮೋರ್ಸ್ ಸಂಕೇತವನ್ನು ಕಿವಿಯಲ್ಲಿ ಕೇಳಿ, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎಂಬ ಅಪ್ಪಣೆಯನ್ನು ಬರೆದು ಗಾಡಿಯವರ ಕೈಗೆ ಮುಟ್ಟಿಸುವವರು. ಒಂದು ಮಾತು ತಪ್ಪಿದರೆ ಎರಡು ಗಾಡಿಗಳು ಒಂದೇ ಹಳಿಯ ಮೇಲೆ ಎದುರುಬದುರು! ಆ ವಿದ್ಯೆಯ ಅಭಿಮಾನದಿಂದ ಅವರು 1886ರಲ್ಲೇ ಅಯೋವಾ ರಾಜ್ಯದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಗುಮಾಸ್ತರ ಸಂಘ ಹುಟ್ಟಿದ್ದು 1899ರಲ್ಲಿ, ಮಿಸೌರಿ ರಾಜ್ಯದಲ್ಲಿ. ಅಲ್ಲಿನ ರೈಲ್ವೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಸಂಘ. ಒಂದೊಂದು ಸಂಘದೊಡನೆ ಕಂಪನಿಯದು ಬೇರೆ ಬೇರೆ ಕರಾರು. ಯಾವ ಕೆಲಸ ಯಾರಿಗೆ ಸೇರಿದ್ದು ಎಂಬುದನ್ನು ಆ ಕರಾರುಗಳಿಂದಲೇ ತಿಳಿಯಬೇಕು.

ಹೀಗಿರುವಾಗ ಯೂನಿಯನ್ ಪೆಸಿಫಿಕ್ ಎಂಬ ದೊಡ್ಡ ರೈಲ್ವೆ ಕಂಪನಿ ಐಬಿಎಂ ಯಂತ್ರಗಳನ್ನು ತರಿಸಿತು. ಹಿಂದೆ ತಂತಿಯವರು ಮಾಡುತ್ತಿದ್ದ ಕೆಲಸ ಯಂತ್ರಕ್ಕೆ ಬಂತು. ಯಂತ್ರದ ಮುಂದೆ ಕಂಪನಿ ಕೂರಿಸಿದ್ದು ಗುಮಾಸ್ತರನ್ನು. “ನಮ್ಮ ಕರಾರಿನ ಪ್ರಕಾರ ಈ ಕೆಲಸ ನಮ್ಮದು” ಎಂದು ತಂತಿಯವರ ಸಂಘ ದೂರು ಕೊಟ್ಟಿತು. ದೂರು ಹೋದದ್ದು 1934ರ ಕಾಯಿದೆಯಂತೆ ಸ್ಥಾಪನೆಯಾದ ರೈಲ್ವೆ ವ್ಯಾಜ್ಯ ಮಂಡಲಿಗೆ. ಅದರಲ್ಲಿ ಅರ್ಧ ಜನ ಕಂಪನಿಗಳ ಕಡೆಯವರು, ಅರ್ಧ ಜನ ಸಂಘಗಳ ಕಡೆಯವರು; ಸಮಸಮವಾದರೆ ಹೊರಗಿನ ಒಬ್ಬ ಮಧ್ಯಸ್ಥ.

ಗುಮಾಸ್ತರ ಸಂಘಕ್ಕೂ ನೋಟೀಸು ಹೋಯಿತು. ಅವರು ಬರಲಿಲ್ಲ. ನಮ್ಮ ಕೆಲಸ ತೆಗೆದರೆ ನಾವೂ ಇಂಥದೇ ಒಂದು ದೂರು ಹಾಕುತ್ತೇವೆ, ಅಷ್ಟೆ, ಎಂದು ಹೇಳಿ ಕಳಿಸಿದರು. ಮಂಡಲಿಯವರು ತಂತಿಯವರ ಕರಾರನ್ನು ಮಾತ್ರ ಮುಂದಿಟ್ಟುಕೊಂಡು ಅವರ ಪರವಾಗಿ ತೀರ್ಮಾನ ಕೊಟ್ಟರು. ಫಲವೇನಾಯಿತು ನೋಡಿ: ಕೆಲಸ ಮಾಡುವ ಗುಮಾಸ್ತರಿಗೆ ಸಂಬಳ ಹೇಗೂ ಸಂದಿತ್ತು, ಅದೇ ಕೆಲಸಕ್ಕಾಗಿ ತಂತಿಯವರಿಗೂ ಕೊಡಬೇಕಾಯಿತು. ಒಂದೇ ಖೋಲಿಗೆ ಇಬ್ಬರಿಂದ ಪಗಡಿ ತೆಗೆದುಕೊಂಡ ಮಾಲಿಕನ ಪಾಡು ಕಂಪನಿಯದಾಯಿತು. ಕಂಪನಿ ಕೊಡಲೊಪ್ಪಲಿಲ್ಲ, ಸಂಘ ಕೋರ್ಟಿಗೆ ಹೋಯಿತು. ಗುಮಾಸ್ತರನ್ನು ಸೇರಿಸಿಕೊಳ್ಳದ ದಾವೆ ನಡೆಯದೆಂದು ಕೆಳಗಿನ ಕೋರ್ಟು ವಜಾ ಮಾಡಿತು.

ಕೊನೆಗೆ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟು ಮುಟ್ಟಿತು. 1966ರ ಡಿಸೆಂಬರ್ 5ರಂದು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಅವರು ಬಹುಮತದ ತೀರ್ಪು ಬರೆದರು. ಅದರ ತಾತ್ಪರ್ಯವಿಷ್ಟೆ: ಸಂಘದ ಕರಾರು ಅಂಗಡಿಯ ಸಾಮಾನಿನ ಕ್ರಯಪತ್ರದಂತಲ್ಲ. ಒಂದನ್ನು ಸರಿಯಾಗಿ ಓದಬೇಕಾದರೆ ಪಕ್ಕದ ಕರಾರನ್ನೂ, ಆ ಕಸುಬುಗಳ ರೂಢಿಯನ್ನೂ ನೋಡಬೇಕು. ಆದ್ದರಿಂದ ಮಂಡಲಿ ಎರಡು ಸಂಘಗಳ ಹಕ್ಕನ್ನೂ ಒಂದೇ ವಿಚಾರಣೆಯಲ್ಲಿ ತೂಗಿ, ಒಂದೇ ಸಲಕ್ಕೆ ತೀರ್ಮಾನಿಸಬೇಕು. ತೀರ್ಪು ಸರ್ವಾನುಮತದ್ದಾಗಿರಲಿಲ್ಲ, ನಿಜ. ಆದರೆ ಮಾತು ನಮ್ಮ ಹಳ್ಳಿಯ ಪಂಚಾಯತಿಯ ಹಿರಿಯರಿಗೂ ಒಪ್ಪುವಂಥದೇ: ಅಣ್ಣನ ಮಾತು ಕೇಳಿ ಬದು ಹಾಕಿದರೆ ತಮ್ಮ ನಾಳೆ ಕಿತ್ತುಹಾಕುತ್ತಾನೆ.

ಇದರಲ್ಲಿ ತಪ್ಪು ಯಾರದು? ತಂತಿಯವರು ಅತಿಯಾಸೆಯವರಲ್ಲ, ಹೊಟ್ಟೆಯ ಅನ್ನವನ್ನು ಕೇಳಿದರು. ಗುಮಾಸ್ತರು ಕದ್ದವರಲ್ಲ, ಕೂರು ಎಂದ ಕಡೆ ಕೂತರು. ಇಬ್ಬರಿಗೂ ಮಾತು ಕೊಟ್ಟದ್ದು ಕಂಪನಿ. ಆದರೆ ಜಗಳಕ್ಕೆ ನಿಂತವರು ಮಾತ್ರ ಒಂದೇ ಛಾವಣಿಯ ಕೆಳಗೆ ಬೆವರು ಸುರಿಸುವ ಇಬ್ಬರು. ಯಂತ್ರ ತರುವಾಗಲೇ ಇಬ್ಬರನ್ನೂ ಕೂರಿಸಿಕೊಂಡು “ಇವರ ಗತಿಯೇನು, ಅವರ ಗತಿಯೇನು?” ಎಂದು ಕೇಳಿದ್ದರೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿತ್ತೆ?

ಕಥೆಯ ಕೊನೆ ಇನ್ನೂ ಸ್ವಾರಸ್ಯವಾಗಿದೆ. ತೀರ್ಪಾಗಿ ಮೂರು ವರ್ಷ ತುಂಬುವ ಮೊದಲೇ, 1969ರಲ್ಲಿ, ತಂತಿಯವರ ಸಂಘ ಗುಮಾಸ್ತರ ಸಂಘದಲ್ಲಿ ಸೇರಿಹೋಯಿತು! ವಾದಿ ಪ್ರತಿವಾದಿಗಳು ಒಂದೇ ಮನೆಯವರಾದರು. ಅವರು ಕಾದಾಡಿದ ಕೆಲಸವೂ ಉಳಿಯಲಿಲ್ಲ. ಮೋರ್ಸ್ ತಂತಿಯನ್ನು ಸರಿಸಿ ಬಂದ ಯಂತ್ರಗಳನ್ನು ಮುಂದಿನ ಯಂತ್ರಗಳು ಸರಿಸಿದವು. ನಮ್ಮ ದೇಶದಲ್ಲೂ, ಊರಿನಿಂದ ಬಂದರೆ ಎದೆ ಝಲ್ಲೆನ್ನಿಸುತ್ತಿದ್ದ ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತಿತಲ್ಲವೇ?

ಮರುದಿನ ನಾನು ಚಹಾದ ಹೊತ್ತಿನಲ್ಲಿ ಆವಕದವರನ್ನೂ ಟೈಪಿಸ್ಟ್ ಬಾಯಿಯವರನ್ನೂ ಒಂದೇ ಮೇಜಿಗೆ ಕರೆದು ಈ ಕಥೆ ಹೇಳಿದೆ. ಬಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮುಂದಿನ ಯಂತ್ರ ಬರುವ ಮೊದಲೇ ನಾವಿಬ್ಬರೂ ಸಾಹೇಬರ ಹತ್ತಿರ ಒಟ್ಟಿಗೇ ಹೋಗೋಣ” ಎಂದರು. ಆವಕದವರು ಮಾತಾಡಲಿಲ್ಲ, ಚಹಾದ ದುಡ್ಡು ಕೊಟ್ಟರು. ನಮ್ಮ ಕಚೇರಿಯ ರೂಢಿ ಬಲ್ಲವರಿಗೆ ಅದು ಎಷ್ಟು ದೊಡ್ಡ ರಾಜಿಯೆಂದು ಬೇರೆ ಹೇಳಬೇಕಾಗಿಲ್ಲ.