ಹಬ್ಬದಿರುಳಿನ ಡಿಜೆ: ಕೇಳುವವರು ಮತ್ತು ಕೇಳಿಸಿಕೊಳ್ಳುವವರು

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಎರಡು ಬಗೆಯ ಆಮಂತ್ರಣಗಳು ಕಾಣಸಿಗುತ್ತವೆ. ಒಂದು, ಧರ್ಮಕೇಂದ್ರದ ಸೂಚನಾ ಫಲಕದಲ್ಲಿರುವ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯ ವೇಳಾಪಟ್ಟಿ. ಇನ್ನೊಂದು, ಬಾರ್ ಮತ್ತು ರೆಸ್ಟೋರೆಂಟುಗಳ ಮುಂದೆ ತೂಗುವ ‘ಡಿಜೆ ನೈಟ್’ನ ಬ್ಯಾನರು. ಅನೇಕ ಕುಟುಂಬಗಳಲ್ಲಿ ಈ ಎರಡನ್ನೂ ಓದುವವರು ಒಂದೇ ಮನೆಯ ಮಕ್ಕಳು. ಆದುದರಿಂದ ಎರಡನೆಯ ಆಮಂತ್ರಣದ ಬಗ್ಗೆ ಮೌನ ತಾಳುವುದಾಗಲಿ, ವಿಚಾರಿಸದೆ ಖಂಡಿಸುವುದಾಗಲಿ ಹಿರಿಯರಾದ ನಮಗೆ ಭೂಷಣವಲ್ಲ. ಅಲ್ಲಿ ನಡೆಯುವುದೇನು, ನಮ್ಮ ಯುವಜನರು ಅಲ್ಲಿ ಅರಸುವುದೇನು ಎಂಬುದನ್ನು ಮೊದಲು ಅರಿಯೋಣ.

ಡಿಜೆ ಎಂದರೆ ಡಿಸ್ಕ್ ಜಾಕಿ. ಹಾಡಿನ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ನುಡಿಸುವ ಈ ವೃತ್ತಿ 1930ರ ದಶಕದ ಅಮೆರಿಕದ ಬಾನುಲಿ ಕೇಂದ್ರಗಳಲ್ಲಿ ಹೆಸರು ಪಡೆಯಿತು. ಇಂದು ತಟ್ಟೆಯ ಸ್ಥಾನದಲ್ಲಿ ಲ್ಯಾಪ್‌ಟಾಪ್ ಬಂದಿದ್ದರೂ ಕೆಲಸದ ಮರ್ಮ ಬದಲಾಗಿಲ್ಲ. ಸಭಿಕರು ಒಂದು ಹಾಡಿಗೆ ಕುಣಿಯುತ್ತಿರುವಾಗಲೇ ಆತ ಒಂದು ಕಿವಿಗೆ ಹೆಡ್‌ಫೋನ್ ಹಚ್ಚಿ ಮುಂದಿನ ಹಾಡನ್ನು ಆಲಿಸುತ್ತಾನೆ. ಎರಡರ ತಾಳದ ವೇಗವನ್ನು ಸರಿಹೊಂದಿಸಿ, ಬೆಸುಗೆ ಕಾಣದಂತೆ ಜೋಡಿಸುತ್ತಾನೆ. ಸಂಜೆ ನಿಧಾನ ಲಯದಲ್ಲಿ ಆರಂಭಿಸಿ, ಊಟದ ಹೊತ್ತು ಕಳೆದ ಬಳಿಕ ನಿಮಿಷಕ್ಕೆ 120ಕ್ಕೂ ಮಿಕ್ಕಿದ ಬಡಿತಗಳ ವೇಗಕ್ಕೇರಿಸುತ್ತಾನೆ. ಇದರ ನಡುವೆ ಚೀಟಿಯ ಮೂಲಕ, ಮೊಬೈಲ್ ಪರದೆಯ ಮೂಲಕ, ಕೆಲವೊಮ್ಮೆ ನೋಟಿನೊಂದಿಗೆ, ಬೇಡಿಕೆಗಳು ಬರುತ್ತಲೇ ಇರುತ್ತವೆ. ಒಬ್ಬರಿಗೆ ತುಳು ಚಿತ್ರಗೀತೆ, ಒಬ್ಬರಿಗೆ ಕೊಂಕಣಿ ಬಾಯ್ಲಾ, ಇನ್ನೊಬ್ಬರಿಗೆ ಹಿಂದಿ ಹಾಡು. ಯಾವುದನ್ನು ಒಪ್ಪಬೇಕು, ಯಾವುದನ್ನು ಮುಂದೂಡಬೇಕು, ಯಾರನ್ನೂ ನೋಯಿಸದೆ ಹೇಗೆ ನಿರಾಕರಿಸಬೇಕು ಎಂಬುದನ್ನು ಆತ ಕ್ಷಣಕ್ಷಣಕ್ಕೂ ನಿರ್ಣಯಿಸಬೇಕು. ಇತರರ ಹಬ್ಬದ ದಿನವೇ ಆತನ ದುಡಿಮೆಯ ದಿನ. ಇದು ಗೌರವಕ್ಕೆ ಅರ್ಹವಾದ ಶ್ರಮವೆಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಬೇಡಿಕೆಯ ಹಾಡು

ಹಾಡನ್ನು ಕೇಳಿ ಪಡೆಯುವ ಅಭ್ಯಾಸ ಬಾರಿನಲ್ಲಿ ಹುಟ್ಟಿದ್ದಲ್ಲ. ರೇಡಿಯೋ ಸಿಲೋನ್ ಮತ್ತು 1957ರಲ್ಲಿ ಆರಂಭವಾದ ವಿವಿಧಭಾರತಿಯ ಕಾಲದಲ್ಲಿ ಕೋರಿಕೆಯ ಪತ್ರಗಳು ರಾಶಿ ರಾಶಿಯಾಗಿ ಬರುತ್ತಿದ್ದವು. ಇಂದಿನ ಜಾರ್ಖಂಡಿನಲ್ಲಿರುವ ಜುಮ್ರಿ ತಿಲೈಯಾ ಎಂಬ ಗಣಿಗಾರಿಕೆಯ ಪುಟ್ಟ ಊರು ದೇಶದಾದ್ಯಂತ ಹೆಸರುವಾಸಿಯಾದುದೇ ಅಲ್ಲಿನ ಕೇಳುಗರು ಬರೆಯುತ್ತಿದ್ದ ಕೋರಿಕೆಗಳಿಂದ. ಅಂಚೆ ಕಾರ್ಡಿನಲ್ಲಿ ಮನೆಮಂದಿಯ, ನೆರೆಮನೆಯವರ ಹೆಸರುಗಳೆಲ್ಲ ಇರುತ್ತಿದ್ದವು. ಹಾಡು ಮೂರು ನಿಮಿಷಗಳದಾದರೂ ಅದಕ್ಕಾಗಿ ವಾರಗಟ್ಟಲೆ ಕಾಯುವುದಿತ್ತು. ನಮ್ಮ ಹೆಸರಿನೊಡನೆ ಇತರರ ಹೆಸರನ್ನೂ ಕೇಳುವುದು, ಅವರು ಮೆಚ್ಚಿದ ಹಾಡನ್ನು ನಾವೂ ಆಲಿಸುವುದು ಅದರ ಸಹಜ ನಿಯಮವಾಗಿತ್ತು.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಬೇಡುವುದನ್ನೂ ಆಲಿಸುವುದನ್ನೂ ಸೂಚಿಸುತ್ತದೆ. ಇದನ್ನು ಕೇವಲ ಶಬ್ದ ಚಮತ್ಕಾರವೆಂದು ನಾವು ತಳ್ಳಿಹಾಕಬೇಕಾಗಿಲ್ಲ. ಬೇಡುವ ಹಕ್ಕುಳ್ಳವನಿಗೆ ಆಲಿಸುವ ಹೊಣೆಯೂ ಇದೆ ಎಂಬ ವಿವೇಕ ಆ ಪದದಲ್ಲಿ ಅಡಗಿದೆ. ಹಬ್ಬದಿರುಳಿನ ಡಿಜೆ ಕೂಟವನ್ನು ಈ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯ.

ಆ ರಾತ್ರಿ ಬೇಡಿಕೆಯಾಗಿ ಬರುವ ಪ್ರಸಿದ್ಧ ಹಾಡುಗಳನ್ನೇ ನೋಡೋಣ. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ‘ಜಿಂಗಲ್ ಬೆಲ್ಸ್’ನಲ್ಲಿ ಬೆತ್ಲೆಹೇಮಿನ ಸುದ್ದಿಯೇ ಇಲ್ಲ, ಹಿಮದ ಮೇಲೆ ಜಾರುಬಂಡಿಯ ವಿಹಾರವಿದೆ. ವ್ಯಾಮ್ ತಂಡದ ‘ಲಾಸ್ಟ್ ಕ್ರಿಸ್ಮಸ್’ (1984) ಮುರಿದ ಪ್ರೇಮದ ಅಳಲು. ಮಧ್ಯರಾತ್ರಿ ಹನ್ನೆರಡಕ್ಕೆ ಎಲ್ಲರೂ ಅಪ್ಪಿಕೊಳ್ಳುವಾಗ ಮೊಳಗುವ ಆಬಾ ತಂಡದ ‘ಹ್ಯಾಪಿ ನ್ಯೂ ಇಯರ್’ (1980) ನಿಜಕ್ಕೂ ಕೂಟ ಮುಗಿದ ಬಳಿಕದ ಬರಿದಾದ ಮನಸ್ಸನ್ನು ಕುರಿತದ್ದು. ಕ್ರಿಸ್ತ ಜನನವನ್ನೇ ಹಾಡುವ ‘ಮೇರೀಸ್ ಬಾಯ್ ಚೈಲ್ಡ್’ ಕೂಡ ಬೋನಿ ಎಂ ತಂಡದ 1978ರ ಧ್ವನಿಮುದ್ರಣದ ಮೂಲಕ ನೃತ್ಯದ ಅಂಗಳಕ್ಕೆ ಬಂದಿದೆ. ಕುಣಿತದ ಅಬ್ಬರದ ಅಡಿಯಲ್ಲಿ ಒಂಟಿತನದ ಸ್ವರವಿದೆ ಎಂಬುದು ಇದರಿಂದ ವಿದಿತವಾಗುತ್ತದೆ. ಎರಡು ವರ್ಷಗಳ ಬಳಿಕ ಕೊಲ್ಲಿ ನಾಡಿನಿಂದ ಇಪ್ಪತ್ತು ದಿನಗಳ ರಜೆಯಲ್ಲಿ ಬಂದ ಯುವಕ ತನ್ನ ಕಾಲೇಜು ದಿನಗಳ ಹಾಡೊಂದನ್ನು ಬೇಡಿದರೆ, ಆತ ಬೇಡುತ್ತಿರುವುದು ಹಾಡನ್ನು ಮಾತ್ರವಲ್ಲ. ಚದುರಿಹೋದ ಗೆಳೆಯರನ್ನೂ ಕೂಡ. ಆತ ಯಾಕೆ ಬಾರಿಗೆ ಹೋದನೆಂದು ಕೇಳುವ ನಾವು, ಮನೆಯಲ್ಲಿ ಆತನ ಮಾತಿಗೆ ಕಿವಿಗೊಡಲು ಎಷ್ಟು ಮಂದಿ ಸಿದ್ಧರಿದ್ದೆವು ಎಂಬುದನ್ನೂ ಕೇಳಿಕೊಳ್ಳಬೇಕು.

ಗೋಡೆಯಾಚೆಯ ಕಿವಿಗಳು

ಆದರೆ ಬೇಡಿಕೆಯ ಹಾಡು ಬೇಡಿದವನ ಕಿವಿಗಷ್ಟೇ ಬೀಳುವುದಿಲ್ಲ. ಗೋಡೆಯಾಚೆ ಜ್ವರದ ಮಗುವಿದೆ; ನಾಳಿನ ಪಾಳಿಗಾಗಿ ನಿದ್ರಿಸಬೇಕಾದ ದಾದಿಯಿದ್ದಾಳೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದಕ್ಕೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸುತ್ತವೆ. ಹಬ್ಬಗಳ ಸಲುವಾಗಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು, ಒಬ್ಬನಿಗೆ ಧ್ವನಿ ಎತ್ತುವ ಹಕ್ಕಿದ್ದರೂ ಕೇಳಲೊಲ್ಲದ ಇನ್ನೊಬ್ಬನ ಮೇಲೆ ಅದನ್ನು ಹೇರುವ ಹಕ್ಕಿಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಈ ನಿಯಮ ಬಾರಿಗೆ ಎಷ್ಟು ಅನ್ವಯವೋ ನಮ್ಮ ಇಗರ್ಜಿಯ ಮೈದಾನದ ಕ್ರಿಸ್ಮಸ್ ಕಾರ್ಯಕ್ರಮಕ್ಕೂ ಅಷ್ಟೇ ಅನ್ವಯ.

ಒಳಗಿರುವವರ ಸ್ಥಿತಿಯೂ ಚಿಂತನಾರ್ಹ. ಸಂಗೀತ ಕೂಟಗಳಲ್ಲಿ ಹದಿನೈದು ನಿಮಿಷಗಳ ಸರಾಸರಿ ಶಬ್ದವು 100 ಡೆಸಿಬೆಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡವನ್ನು ಪ್ರಕಟಿಸಿತು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ಅತಿಥಿ ಒಂದು ರಾತ್ರಿ ಬಂದು ಹೋಗುತ್ತಾನೆ. ಡಿಜೆಯೂ ಬಡಿಸುವ ಹುಡುಗರೂ ಪ್ರತಿ ರಾತ್ರಿ ಅಲ್ಲೇ ನಿಲ್ಲುತ್ತಾರೆ.

ಅಪಾಯ ಕಿವಿಗೆ ಮಾತ್ರ ಸೀಮಿತವಲ್ಲ. 2017ರ ಡಿಸೆಂಬರ್ 29ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿಯ ಮೇಲಿನ ಪಬ್‌ಗಳಿಗೆ ಬೆಂಕಿ ಬಿದ್ದು 14 ಮಂದಿ ಮೃತಪಟ್ಟರು. 2025ರ ಡಿಸೆಂಬರ್ 6ರ ರಾತ್ರಿ ಗೋವಾದ ಆರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 25 ಜೀವಗಳು ಬಲಿಯಾದವು. ಅವರಲ್ಲಿ ಹೆಚ್ಚಿನವರು ದುಡಿಯಲೆಂದು ದೂರದೂರುಗಳಿಂದ ಬಂದ ನೌಕರರು. ತುರ್ತು ನಿರ್ಗಮನದ ಬಾಗಿಲು ಎಲ್ಲಿದೆ ಎಂದು ಕೇಳುವುದೂ ಒಂದು ಬೇಡಿಕೆಯೇ. ಹಾಡಿಗಾಗಿ ಹತ್ತು ಚೀಟಿ ಕಳುಹಿಸುವ ನಮ್ಮ ಮಕ್ಕಳು ಆ ಒಂದು ಪ್ರಶ್ನೆಯನ್ನು ಕೇಳಲು ಕಲಿತರೆ ಎಷ್ಟೋ ಜೀವಗಳು ಉಳಿದಾವು.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಥಳಿಸಿತು. ಸಂಸ್ಕೃತಿಯ ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈಮಾಡುವುದು ಅತ್ಯಂತ ಸಂಸ್ಕೃತಿಹೀನ ಕೃತ್ಯ. ತಿದ್ದುವ ಅಧಿಕಾರ ಪ್ರೀತಿಯಿಂದ ಹುಟ್ಟುತ್ತದೆಯೇ ಹೊರತು ಬಡಿಗೆಯಿಂದಲ್ಲ. ಡಿಜೆ ರಾತ್ರಿಯ ಕುರಿತಾದ ನಮ್ಮ ಟೀಕೆ ಅಂಥವರ ಕೈಗೆ ಆಯುಧವಾಗಕೂಡದು.

ನಮ್ಮ ಅಂಗಳದಲ್ಲಿ

ಇಷ್ಟಕ್ಕೂ ಡಿಜೆ ಇಂದು ಬಾರಿಗೆ ಸೀಮಿತನಾಗಿ ಉಳಿದಿಲ್ಲ. ಆಗಮನ ಕಾಲ ಮುಗಿದು ಕ್ರಿಸ್ಮಸ್ ಕಳೆಯುತ್ತಲೇ ಮದುವೆಗಳು ಆರಂಭವಾಗುತ್ತವೆ. ಮದುವೆಯ ಮುನ್ನಾ ದಿನದ ರೋಸ್ ಸಮಾರಂಭದಲ್ಲೂ ಈಗ ಆತನದೇ ಧ್ವನಿ. ವಧೂವರರಿಗೆ ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುವ ಆ ಶಾಸ್ತ್ರದಲ್ಲಿ ಹಿಂದೆ ಹೆಂಗಸರು ವೊವಿಯೊ ಹಾಡುತ್ತಿದ್ದರು. ಒಬ್ಬರು ಎತ್ತಿಕೊಟ್ಟ ಸಾಲನ್ನು ನೆರೆದವರೆಲ್ಲ ಹಿಡಿಯುತ್ತಿದ್ದರು. ಅಲ್ಲಿ ಹಾಡುವವರೇ ಕೇಳುವವರು, ಬೇಡುವವರೇ ಕೊಡುವವರು. ಇಂದು ಸಭಾಂಗಣದ ಮೂಲೆಯಲ್ಲಿ ಕುಳಿತ ಅಜ್ಜಿಗೆ ಆ ಸಾಲುಗಳೆಲ್ಲ ಬಾಯಿಪಾಠವಿವೆ. ಹಾಡಿರೆಂದು ಆಕೆಯನ್ನು ಕೇಳುವವರಿಲ್ಲ, ಹಾಡಿದರೂ ಅದು ಸ್ಪೀಕರಿನ ಸದ್ದಿನಲ್ಲಿ ಕೇಳಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕೂಡ ಮದುವೆಯ ಹಾಡನ್ನು ಬಾರಿನ ಹಾಡಿನಿಂದ ಬೇರೆಯಾಗಿ ಕಂಡಿದೆ: ವ್ಯಾಪಾರಕ್ಕಾಗಿ ನುಡಿಸುವವನು ಪರವಾನಿಗೆ ಪಡೆಯಬೇಕು, ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭಗಳಿಗೆ ಅದರ ಅಗತ್ಯವಿಲ್ಲ. ಕಾನೂನು ಕಂಡ ಅಂತರವನ್ನು ನಾವೇ ಅಳಿಸಿಹಾಕಿದರೆ ಹೇಗೆ?

ಜರ್ಮನಿಯ ತತ್ತ್ವಜ್ಞಾನಿ ಯೋಸೆಫ್ ಪೀಪರ್ ಹಬ್ಬವೆಂದರೇನು ಎಂಬುದನ್ನು ಕುರಿತು 1963ರಲ್ಲಿ ಒಂದು ಪುಟ್ಟ ಗ್ರಂಥ ಬರೆದರು. ಜಗತ್ತೂ ಬದುಕೂ ಮೂಲತಃ ಒಳ್ಳೆಯವೆಂಬ ಒಪ್ಪಿಗೆಯೇ ಹಬ್ಬದ ಬುನಾದಿ ಎಂಬುದು ಅವರ ವಾದದ ತಿರುಳು. ಆ ಒಪ್ಪಿಗೆ ಇಲ್ಲದಿದ್ದಲ್ಲಿ ಎಷ್ಟು ಖರ್ಚು ಮಾಡಿದರೂ ಸಂಭ್ರಮದ ತೋರಿಕೆ ಉಂಟಾದೀತೇ ಹೊರತು ಸಂಭ್ರಮವಲ್ಲ. ಸಂತ ಅಗಸ್ಟೀನರು ತಮ್ಮ ‘ಪಾಪನಿವೇದನೆ’ಯ ಹತ್ತನೆಯ ಭಾಗದಲ್ಲಿ, ಹಾಡಿದ ವಿಷಯಕ್ಕಿಂತ ಹಾಡಿನ ಇಂಪೇ ತಮ್ಮನ್ನು ಸೆಳೆಯುವುದನ್ನು ಕಂಡು ಕಳವಳಗೊಂಡರು, ಆದರೂ ಇಗರ್ಜಿಯಲ್ಲಿ ಹಾಡುವ ಪದ್ಧತಿಯನ್ನೇ ಅನುಮೋದಿಸಿದರು. ಸಂಗೀತವನ್ನು ನಿಷೇಧಿಸದೆ ಅದರ ಮುಂದೆ ಎಚ್ಚರವಿರುವುದು ನಮಗೆ ಅವರು ತೋರಿದ ದಾರಿ.

ಈ ದಾರಿಯಲ್ಲಿ ನಡೆಯುವುದು ಅಸಾಧ್ಯವೇನಲ್ಲ. 2008ರ ಜನವರಿ 26 ಮತ್ತು 27ರಂದು ಮಾಂಡ್ ಸೊಭಾಣ್ ಸಂಸ್ಥೆ ಮಂಗಳೂರಿನ ಕಲಾಂಗಣದಲ್ಲಿ ಏರ್ಪಡಿಸಿದ ‘ಕೊಂಕಣಿ ನಿರಂತರಿ’ಯಲ್ಲಿ ಗಾಯಕರು ತಂಡ ತಂಡವಾಗಿ ಬಂದು 40 ಗಂಟೆಗಳ ಕಾಲ ಎಡೆಬಿಡದೆ ಹಾಡಿದರು. ಹಾಡುವ ಕಂಠಗಳು ನಮ್ಮಲ್ಲಿ ಬತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ಈ ರಜಾದಿನಗಳಲ್ಲಿ ಕುಟುಂಬಗಳು ಒಂದೆರಡು ವಿಷಯಗಳನ್ನು ಮನಗಾಣಲಿ. ರೋಸಿಗೆ ಡಿಜೆಯನ್ನು ಕರೆಯುವುದಾದರೆ ಮೊದಲ ಅರ್ಧ ಗಂಟೆ ಸ್ಪೀಕರ್ ಮೌನವಾಗಿರಲಿ. ಆ ಹೊತ್ತು ಅಜ್ಜಿಯರದಾಗಲಿ. ಹತ್ತು ಗಂಟೆಯ ನಿಯಮವನ್ನು ಪೊಲೀಸರು ಬಂದು ನೆನಪಿಸುವಂತಾಗದಿರಲಿ. ಮಕ್ಕಳು ಹೊಸವರ್ಷದ ರಾತ್ರಿ ಹೊರಗೆ ಹೋಗುವುದಾದರೆ ಎಲ್ಲಿಗೆ, ಯಾರೊಡನೆ, ಮರಳುವಾಗ ವಾಹನ ನಡೆಸುವವರು ಕುಡಿಯದೆ ಇರುವರೇ ಎಂಬುದನ್ನು ಹೆತ್ತವರು ಸಿಟ್ಟಿಲ್ಲದೆ ಕೇಳಲಿ. ಉತ್ತರವನ್ನೂ ತಾಳ್ಮೆಯಿಂದ ಕೇಳಲಿ. ಕುಸ್ವಾರಿನ ತಟ್ಟೆ ನೆರೆಮನೆಗೆ ಹೋಗುವಾಗ, ನಮ್ಮ ಮನೆಯ ಹಾಡು ನಿಮಗೆ ತೊಂದರೆಯಾಯಿತೇ ಎಂಬ ಒಂದು ಮಾತೂ ಜೊತೆಗೆ ಹೋಗಲಿ.