ಲೈನ್ ಮನೆಯ ಕೂಸು ಯಾವ ಇಲಾಖೆಗೆ ಸೇರಿದ್ದು?

ಕುದುರೆಮುಖದ ಗಣಿ ಪಟ್ಟಣದಲ್ಲಿ ಕಾಯಂ ನೌಕರನೊಬ್ಬನ ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಶಾಲೆಯೂ ಪಟ್ಟಣದೊಳಗೇ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಲ್ಲಿಸಿತು, ಪಟ್ಟಣ ಬರಿದಾಯಿತು. ಕಾಡಿನ ದೃಷ್ಟಿಯಿಂದ ಆ ತೀರ್ಪು ಸರಿಯಾದುದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಲ್ಲಿಂದ ಸಂಸೆ, ಕಳಸ, ಕೊಟ್ಟಿಗೆಹಾರಗಳ ಮೂಲಕ ಮೂಡಿಗೆರೆಯವರೆಗೆ ಹಬ್ಬಿರುವ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬೆಳೆಯುವ ಕೂಸಿಗೆ ಅಂಥ ಒಬ್ಬ ಯಜಮಾನ ಎಂದೂ ಇರಲಿಲ್ಲ. ಅದಕ್ಕಿರುವುದು ಇಲಾಖೆಗಳು.

ಹುಟ್ಟುವ ಮೊದಲೇ ಆರೋಗ್ಯ ಇಲಾಖೆ ತಾಯಿ ಕಾರ್ಡ್ ಕೊಡುತ್ತದೆ, ಹುಟ್ಟಿದ ಮೇಲೆ ಚುಚ್ಚುಮದ್ದು ಹಾಕಿಸುತ್ತದೆ. ಪೌಷ್ಟಿಕ ಆಹಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪಾಲು. ತಾಯಿ ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರವಿದೆಯೇ ಎಂದು ನೋಡಬೇಕಾದುದು ಕಾರ್ಮಿಕ ಇಲಾಖೆ. ಗ್ರಾಮ ಪಂಚಾಯಿತಿಗೆ 'ಕೂಸಿನ ಮನೆ'. ಹಾಡಿ ಕಾಡಿನಂಚಿನಲ್ಲಿದ್ದರೆ ಅಂಗನವಾಡಿಯ ಗೋಡೆ ಏಳುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇಷ್ಟೊಂದು ಕೈಗಳ ನಡುವೆ ಮಗು ಕೆಳಗೆ ಜಾರುವುದಾದರೂ ಹೇಗೆ?

ಜಾರುವ ಸಂದು ಯಾವುದೆಂದು ನಿಖರವಾಗಿ ಹೇಳಬಹುದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಟಿ. ನರಸೀಪುರ ಮೊದಲ ತಾಣವಾಯಿತು. ಅಂದಿನಿಂದಲೂ ಅಂಗನವಾಡಿಯಲ್ಲಿ ಕುಳಿತು ಕಲಿಯುವ, ಉಣ್ಣುವ ಮಗು ಮೂರರಿಂದ ಆರು ವರ್ಷದ್ದು. ಮೂರು ತುಂಬದ ಮಗುವಿನ ಆಹಾರ ಪೊಟ್ಟಣವಾಗಿ ಮನೆಗೆ ಹೋಗುತ್ತದೆ. ಮನೆಯಲ್ಲಿ ತಾಯಿ ಇದ್ದಾಳೆಂಬುದು ಈ ಏರ್ಪಾಡಿನ ನಂಬಿಕೆ. ಕಾಫಿ ಸೀಮೆಯಲ್ಲಿ ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಈ ನಂಬಿಕೆ ಸುಳ್ಳು. ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ ಸಿಗುವಾಗ ಗಂಡ ಹೆಂಡತಿ ಇಬ್ಬರೂ ಬೆಳಗಾಗುತ್ತಲೇ ತೋಟಕ್ಕಿಳಿಯುತ್ತಾರೆ. ಕೂಸು ಗಿಡದ ನೆರಳಿನ ಜೋಲಿಯಲ್ಲಿರುತ್ತದೆ, ಇಲ್ಲವೇ ಎಂಟು ವರ್ಷದ ಅಕ್ಕನ ಸೊಂಟದಲ್ಲಿ. ಅಕ್ಕ ಶಾಲೆ ತಪ್ಪಿಸುತ್ತಾಳೆ. ಒಂದು ಇಲಾಖೆ ಉಳಿಸಿದ ಖರ್ಚನ್ನು ಇನ್ನೊಂದು ಇಲಾಖೆ ತೆರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅರ್ಥಶಾಸ್ತ್ರದ ಪಠ್ಯಗಳಲ್ಲೂ ಸಿಗಲಾರದು. ಮೂಡಿಗೆರೆಯ ಸುತ್ತ ಕಾಡಾನೆಗಳ ಹಾವಳಿ ಹೆಚ್ಚಿದ ಮೇಲಂತೂ ಲೈನಿನಲ್ಲಿ ಮಕ್ಕಳನ್ನಷ್ಟೇ ಬಿಟ್ಟು ಹೋಗುವ ಧೈರ್ಯ ಯಾರಿಗಿದೆ?

ಕಾನೂನು ಇರಲಿಲ್ಲವೆಂದಲ್ಲ. 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ, ಇಲ್ಲವೇ ಅವರ ಮಕ್ಕಳ ಸಂಖ್ಯೆ 20 ಮುಟ್ಟುವ ತೋಟದಲ್ಲಿ ಮಾಲೀಕನೇ ಶಿಶುಪಾಲನಾ ಕೊಠಡಿ ಒದಗಿಸಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ವಿಧಿಸಿತ್ತು. ಗುತ್ತಿಗೆದಾರನ ಮೂಲಕ ಬಂದವರೂ ಈ ಲೆಕ್ಕಕ್ಕೆ ಸೇರುತ್ತಿದ್ದರು, ಕಾಗದದ ಮೇಲೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯ್ದೆಯನ್ನು ನುಂಗಿಕೊಂಡಿವೆ. 50ರ ಗೆರೆ ಮಾತ್ರ ಉಳಿದಿದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು ಎಂಬುದನ್ನು ನೆನೆದರೆ ಈ ಗೆರೆಯ ಆಚೆ ಎಷ್ಟು ತೊಟ್ಟಿಲುಗಳಿವೆಯೆಂದು ಊಹಿಸಬಹುದು. ಸಣ್ಣ ಬೆಳೆಗಾರನನ್ನು ದೂರಿ ಫಲವಿಲ್ಲ. ಹತ್ತು ಆಳುಗಳನ್ನಿಟ್ಟುಕೊಂಡವನು ಪಾಲನಾ ಕೇಂದ್ರ ನಡೆಸಲಾರ.

ಸೇವೆಯಲ್ಲಿದ್ದಾಗ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ, ಕೆಲವಕ್ಕೆ ಅಧ್ಯಕ್ಷತೆಯನ್ನೂ ವಹಿಸಿದ್ದೇನೆ. ಪ್ರತಿ ಅಧಿಕಾರಿಯೂ ತನ್ನ ಗುರಿ, ತನ್ನ ಸಾಧನೆ, ತನ್ನ ಶೇಕಡಾವಾರನ್ನು ಓದುತ್ತಾನೆ. ಯಾರೂ ಸುಳ್ಳು ಹೇಳುವುದಿಲ್ಲ. ಚುಚ್ಚುಮದ್ದು ಶೇ 97, ಆಹಾರ ವಿತರಣೆ ಶೇ 95 ಎಂಬಂಥ ಅಂಕಿಗಳನ್ನು ಕೇಳಿ ಚಹಾ ಕುಡಿದು ಏಳುತ್ತಿದ್ದೆವು. ಆ ಶೇಕಡಾವಾರುಗಳ ಛೇದದಲ್ಲಿ ಯಾವ ಮಕ್ಕಳಿದ್ದಾರೆಂದು ನಾನು ಕೇಳಿದ್ದು ಅಪರೂಪ. ಸಮೀಕ್ಷೆ ನಡೆಯುವಾಗ ಊರಲ್ಲಿಲ್ಲದ ಕುಟುಂಬ ಕೊಯ್ಲಿಗೆ ಬರುತ್ತದೆ: ಮೊದಲೆಲ್ಲ ತಮಿಳುನಾಡಿನಿಂದ, ಉತ್ತರ ಕರ್ನಾಟಕದಿಂದ, ಈಗ ಅಸ್ಸಾಮಿನಿಂದಲೂ. ಬಾರದವರ ಪಟ್ಟಿಯಲ್ಲೂ ಆ ಮಗು ಇರುವುದಿಲ್ಲ.

ಇದನ್ನು ಸರಿಪಡಿಸಲು ತಂತ್ರಜ್ಞಾನ ಬಂದಿದೆಯೆನ್ನುವವರಿದ್ದಾರೆ. 'ಪೋಷಣ್ ಟ್ರ್ಯಾಕರ್'ನಲ್ಲಿ ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಅವಕಾಶವಿರುವುದು ನಿಜ. ಆದರೆ ವರ್ಗಾಯಿಸಬೇಕಾದರೆ ಕುಟುಂಬ ಬಂದಿದೆಯೆಂದು ಕಾರ್ಯಕರ್ತೆಗೆ ಮೊದಲು ತಿಳಿಯಬೇಕು. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖಚಹರೆ ಗುರುತೂ ಕಡ್ಡಾಯ. ಮೊಬೈಲ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಇದರ ಪಾಡನ್ನು ವಿವರಿಸಬೇಕಾಗಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆಯೂ ಹಾಗೆಯೇ. ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂಬುದು ಮನೆಗೆ ಮನೆ ಅಂಟಿಕೊಂಡಿರುವ ಬಯಲುಸೀಮೆಯ ಊರಿಗೆ ಹೇಳಿಸಿದ ಮಾತು. ಒಂಟಿ ಮನೆಗಳ ಮಲೆನಾಡಿಗೆ, ಅದೂ ಮಧ್ಯಾಹ್ನ ಕೊಯ್ಲು ಬಿಟ್ಟು ನಡೆಯಬೇಕಾದವಳಿಗೆ, ಹೊಂದುವಂಥದ್ದಲ್ಲ.

ಕಾಡಿನಂಚಿನ ಹಾಡಿಗಳ ವಿಷಯದಲ್ಲಿ ಕಾನೂನು ಮುಂದಿದೆ, ಆಡಳಿತ ಹಿಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಂತೆ ಗ್ರಾಮಸಭೆ ಶಿಫಾರಸು ಮಾಡಿದರೆ ಅಂಗನವಾಡಿಯಂಥ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಬಹುದು. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದಷ್ಟೆ. ಗುಡ್ಡಗಾಡಿನಲ್ಲಿ 150 ಜನರಿದ್ದರೂ ಮಿನಿ ಅಂಗನವಾಡಿ ಕೊಡಬಹುದೆಂಬ ಮಾನದಂಡವಿತ್ತು. ಎರಡನ್ನೂ ಒಟ್ಟಿಗೆ ಓದಿಕೊಂಡ ಕಡತವೊಂದು ನನ್ನ ಮೇಜಿಗೆ ಬಂದ ನೆನಪಿಲ್ಲ.

ಹಾಗಾದರೆ ಯಾರಿಗೆ ಹೊಣೆ ಕೊಡಬೇಕು? ಇನ್ನೊಂದು ಸಮನ್ವಯ ಸಮಿತಿಗಂತೂ ಅಲ್ಲ. ಗ್ರಾಮ ಪಂಚಾಯಿತಿಗೆ ಎಂಬುದು ನನ್ನ ಉತ್ತರ. 2023-24ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಸರಿಯಾದ ಜಾಗದಲ್ಲಿ ಹುಟ್ಟಿದ ಯೋಜನೆ. ಅದರ ಕೊರತೆಯೆಂದರೆ ಪಾಲಕಿಯರ ಕೂಲಿ ಉದ್ಯೋಗ ಖಾತರಿಯಿಂದ ಬರುತ್ತಿದ್ದುದು. ಜಾಬ್ ಕಾರ್ಡಿನ ನೂರು ದಿನ ಮುಗಿದೊಡನೆ ಪಾಲಕಿ ಬದಲಾಗುತ್ತಾಳೆ. ಆಗಷ್ಟೇ ಮುಖ ಗುರುತಿಸಲು ಕಲಿತ ಕೂಸು ಮತ್ತೆ ಅಪರಿಚಿತಳ ಮಡಿಲಿಗೆ. ನರೇಗಾದ ಬದಲಿಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿರುವುದರಿಂದ ಈ ಹಣದ ಮೂಲವನ್ನು ಹೇಗೂ ಮರುಯೋಚಿಸಲೇಬೇಕು. ಕೇಂದ್ರದ 'ಪಾಲನಾ' ಯೋಜನೆ 2022ರಿಂದ ಅಂಗನವಾಡಿಯನ್ನೇ ಪಾಲನಾ ಕೇಂದ್ರವಾಗಿಯೂ ನಡೆಸಲು ದಾರಿ ಮಾಡಿದೆ. ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರ ನಡೆಸಬಹುದೆಂದು ಸಾಮಾಜಿಕ ಭದ್ರತಾ ಸಂಹಿತೆಯೇ ಹೇಳುತ್ತದೆ. ಹತ್ತು ಸಣ್ಣ ತೋಟಗಳ ವಂತಿಗೆ, ಪಂಚಾಯಿತಿಯ ಕಟ್ಟಡ, ಅಂಗನವಾಡಿಯ ಆಹಾರ, ಕಾಯಂ ಸಂಬಳದ ಇಬ್ಬರು ಪಾಲಕಿಯರು: ಇಷ್ಟನ್ನು ಜೋಡಿಸಲು ಹೊಸ ಕಾನೂನು ಬೇಕಿಲ್ಲ. ಬಾಗಿಲು ಮಾತ್ರ ಕಚೇರಿಯ ವೇಳೆಗಲ್ಲ, ಕೊಯ್ಲಿನ ವೇಳೆಗೆ ತೆರೆಯಬೇಕು. ತಿಂಗಳ ಆರೋಗ್ಯ ಮತ್ತು ಪೌಷ್ಟಿಕತೆ ದಿನವನ್ನೂ ಕೆಲಸದ ದಿನದಿಂದ ತೋಟಗಳಿಗೆ ರಜೆಯಿರುವ ಸಂತೆಯ ದಿನಕ್ಕೆ ಸರಿಸಬೇಕು. ಆಗ ಲಸಿಕೆಗಾಗಿ ತಾಯಿ ದಿನಗೂಲಿ ಕಳೆದುಕೊಳ್ಳುವುದಿಲ್ಲ.

ಇನ್ನು ಮಾಹಿತಿ. ಯಾವ ಲೈನಿಗೆ ಯಾವ ಕುಟುಂಬ ಬಂತು, ಜೊತೆಗೆ ಎಷ್ಟು ಮಕ್ಕಳು ಎಂಬುದು ಯಾವ ಇಲಾಖೆಗೂ ಗೊತ್ತಿಲ್ಲ, ತೋಟದ ರೈಟರಿಗೂ ಆಳುಗಳನ್ನು ಕರೆತಂದ ಮೇಸ್ತ್ರಿಗೂ ಮೊದಲ ದಿನವೇ ಗೊತ್ತು. ಚೆಕ್‌ರೋಲಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೊಂದು ಅಂಕಣ ಸೇರಿಸಿ, ಅದರ ಪ್ರತಿಯನ್ನು ವಾರದೊಳಗೆ ಪಂಚಾಯಿತಿಗೆ ಕೊಡಬೇಕೆಂದು ರಾಜ್ಯ ಸರ್ಕಾರ ಸಂಹಿತೆಯಡಿ ರೂಪಿಸುವ ನಿಯಮಗಳಲ್ಲಿ ಬರೆದರೆ ಸಾಕು. ಆ ಪ್ರತಿಯನ್ನು ಕೇಳಿ ಪಡೆದು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಕೈಗೆ ಮುಟ್ಟಿಸುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಕೆಲಸವಾಗಲಿ. ಕೆಡಿಪಿ ಸಭೆಯಲ್ಲಿ ಮೊದಲು ಓದಬೇಕಾದುದೂ ಆ ಅಂಕಣವನ್ನೇ, ಶೇಕಡಾವಾರುಗಳನ್ನಲ್ಲ.